ರೇಂಜ್ ಸಿಗದ ಕಡಲ ತೀರದಲ್ಲಿ ಐದು ದಿನ

ರಜೆ ಬಂತೆಂದರೆ ಎಲ್ಲಿಗೆ ಎಂಬ ಪ್ರಶ್ನೆ ಮುಂಬಯಿಯ ನಮ್ಮವರ ಮನೆಗಳಲ್ಲಿ ಹೆಚ್ಚಾಗಿ ಏಳುವುದಿಲ್ಲ. ಊರಿಗೆ, ಅಷ್ಟೇ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲಂತೂ ಕುರ್ಲಾದಲ್ಲಿ ಮಧ್ಯಾಹ್ನ ಮತ್ಸ್ಯಗಂಧ ಹತ್ತಿ ಬೆಳಗಾಗುವುದರೊಳಗೆ ಕರಾವಳಿಯ ಗಾಳಿ ಕುಡಿಯುವುದು ನಮಗೆ ಲೋಕಲ್ ಹತ್ತಿದಷ್ಟೇ ರೂಢಿಯಾಗಿದೆ. ಆದರೆ ಊರಿಗೆ ಹೋಗುವುದು ಬೇರೆ, ವಿಶ್ರಾಂತಿ ಬೇರೆ ಎಂಬುದು ಹೋಗಿ ಬಂದವರಿಗೆಲ್ಲ ಗೊತ್ತು. ಎರಡು ಮದುವೆ, ಒಂದು ಗೃಹಪ್ರವೇಶ, ನಾಗಬನದ ಪೂಜೆ, ಹೋಗದಿದ್ದರೆ ಬೇಸರಪಟ್ಟುಕೊಳ್ಳುವ ಹತ್ತು ಮನೆ. ಇದರ ನಡುವೆ ಕೈಯಲ್ಲಿ ಮೊಬೈಲ್. ಕುಂದಾಪುರದ ಕಡೆಯ ನಮ್ಮ ಮನೆಯಂಗಳದಲ್ಲಿ ಇಂದು ಡೊಂಬಿವಲಿಯ ನಮ್ಮ ಬಿಲ್ಡಿಂಗಿಗಿಂತ ಚೆನ್ನಾಗಿ ನೆಟ್ ಬರುತ್ತದೆ. ಮನೆಯವರು ಅಲ್ಲಿಯೂ ತೆಂಗಿನಕಟ್ಟೆಯ ಮೇಲೆ ಕುಳಿತು ಐರೋಲಿಯ ಆಫೀಸಿನ ಮೀಟಿಂಗಿಗೆ ಹಾಜರಿ ಹಾಕುತ್ತಾರೆ. ಮಕ್ಕಳು ಅಜ್ಜನ ಮನೆಯ ಚಾವಡಿಯಲ್ಲಿ ಸಾಲಾಗಿ ಕುಳಿತು, ಒಬ್ಬರ ಮುಖ ಒಬ್ಬರು ನೋಡದೆ ಒಂದೇ ಆಟ ಆಡುತ್ತಾರೆ.

ಆದ್ದರಿಂದ ಕಳೆದ ಕ್ರಿಸ್‌ಮಸ್ ರಜೆಗೆ ನಾವು ಊರು ಬಿಟ್ಟು ಬೇರೆ ಕಡೆ ಹೊರಟೆವು. ಕಾರಣ ಒಂದು ಮಾತು. ಇಲ್ಲಿಯ ಕನ್ನಡ ಸಂಘವೊಂದರ ಕಾರ್ಯಕ್ರಮದಲ್ಲಿ ಪರಿಚಯವಾದ, ಥಾಣೆಯಲ್ಲಿ ಉದ್ಯೋಗದಲ್ಲಿರುವ ಮಿತ್ರರೊಬ್ಬರು, ಕುಮಟಾ ತಾಲೂಕಿನ ಕಡಲ ತೀರದಲ್ಲಿರುವ ತಮ್ಮ ಮನೆಗೆ ಎರಡು ಕೋಣೆ ಸೇರಿಸಿ ಕಟ್ಟಿದ್ದಾರೆ. ಬಂದವರಿಗೆ ಊಟ ವಸತಿ ಉಂಟು. 'ಎಲ್ಲ ಸರಿ, ಆದರೆ ಅಲ್ಲಿ ರೇಂಜ್ ಮಾತ್ರ ಬರುವುದಿಲ್ಲ' ಎಂದು ಅವರು ಸಂಕೋಚದಿಂದಲೇ ಹೇಳಿದರು. ಸಂಕೋಚಪಟ್ಟು ಹೇಳಿದ ಆ ಮಾತೇ ನಮಗೆ ಆಕರ್ಷಣೆಯಾಯಿತು. ಅದು ಅವರಿಗೆ ಯಾಕೆ ಸಂಕೋಚದ ವಿಷಯ ಎಂಬುದು ಅಲ್ಲಿಗೆ ಹೋಗಿ ನಾಲ್ಕು ದಿನವಾದ ಮೇಲೆ ತಿಳಿಯಿತು.

ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಘನಾಶಿನಿ ನದಿ ಸಮುದ್ರ ಸೇರುವ ಜಾಗದಿಂದ ದೂರವಲ್ಲ, ಕೆಂಪು ಕಲ್ಲಿನ ಗುಡ್ಡವೊಂದರ ಮರೆಯಲ್ಲಿದೆ ಎಂದಷ್ಟು ಹೇಳಿದರೆ ಸಾಕು. ಗುಡ್ಡದ ಆಚೆ ಟವರ್, ಈಚೆ ಕಡಲು. ಅಲೆಗಳು ಗುಡ್ಡ ಹತ್ತಿ ಇಳಿಯುವುದಿಲ್ಲ, ಮೊಬೈಲಿನವೂ ಸಹ.

ಹೋಗುವ ಮುನ್ನ

ಐದು ದಿನ ಫೋನ್ ಇಲ್ಲದೆ ಇರುವುದೆಂದರೆ ಐದು ದಿನ ಮೊದಲೇ ತಯಾರಿ ಮಾಡಬೇಕು. ರೈಲು ಟಿಕೆಟನ್ನು ಕಾಗದದಲ್ಲಿ ಪ್ರಿಂಟ್ ಹಾಕಿಸಿದೆವು. ನಗದು ಹಣ ತೆಗೆದಿಟ್ಟುಕೊಂಡೆವು. ತರಕಾರಿಯವನಿಗೂ ಕೋಡ್ ತೋರಿಸಿ ಹಣ ಕೊಡುವ ಅಭ್ಯಾಸವಾಗಿ, ಮನೆಯಲ್ಲಿ ನೂರರ ಹತ್ತು ನೋಟು ಒಟ್ಟಿಗೆ ನೋಡಿ ವರ್ಷಗಳಾಗಿದ್ದವು. ಟಾರ್ಚ್, ಇಸ್ಪೀಟು ಕಟ್ಟು, ಅಟ್ಟದ ಮೇಲಿದ್ದ ಚೆನ್ನೆಮಣೆ, ಮಗಳಿಗೆ ಎರಡು ಪುಸ್ತಕ. ಮಾತ್ರೆಗಳ ಹೆಸರನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಂಡೆ, ಯಾಕೆಂದರೆ ಡಾಕ್ಟರರ ಚೀಟಿಯ ಫೋಟೊ ಇರುವುದು ಮೊಬೈಲಿನ ಯಾವುದೋ ಮೂಲೆಯಲ್ಲಿ.

ದೊಡ್ಡ ಚಿಂತೆ ಮಾವನವರದು. ಎಪ್ಪತ್ತೆಂಟು ವರ್ಷ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು. ರೈಲಿನ ರಾತ್ರಿ ಪ್ರಯಾಣ ಬೇಡವೆಂದು ಕಲ್ಯಾಣದಲ್ಲಿರುವ ಮೈದುನನ ಮನೆಯಲ್ಲಿ ಅವರನ್ನು ಬಿಟ್ಟೆವು. ಐದು ದಿನ ನಮ್ಮನ್ನು ತಲುಪುವುದು ಹೇಗೆ? ಥಾಣೆಯ ಮಿತ್ರರೇ ದಾರಿ ತೋರಿಸಿದರು. ಅವರ ಮನೆಯಿಂದ ಅರ್ಧ ಗಂಟೆಯ ನಡಿಗೆಯಲ್ಲಿ, ಬಸ್ ನಿಲ್ಲುವ ಕಡೆ ಒಂದು ಕಿರಾಣಿ ಅಂಗಡಿ ಇದೆ. ಅಲ್ಲಿ ಇನ್ನೂ ತಂತಿಯ ಫೋನ್ ಇದೆ. ಆ ನಂಬರನ್ನು ಮಾವನವರು ದೊಡ್ಡ ಅಕ್ಷರಗಳಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿಕೊಂಡರು. ಮನೆಯವರು ಆಫೀಸಿಗೆ ಮಿಂಚಂಚೆ ಬರೆದು, ತನ್ನ ಬದಲಿಗೆ ಯಾರನ್ನು ಕೇಳಬೇಕು ಎಂಬುದನ್ನು ಎರಡು ಸಲ ಓದಿ ಕಳಿಸಿದರು. 2018ರ ಕೊನೆಯಲ್ಲಿ ಬಾರಾಮತಿಯ ಸಂಸದೆ ಸುಪ್ರಿಯಾ ಸುಳೆ ಅವರು, ಕೆಲಸದ ಹೊತ್ತು ಮುಗಿದ ಮೇಲೆ ಆಫೀಸಿನ ಕರೆಗೆ ಉತ್ತರಿಸದಿರುವ ಹಕ್ಕು ನೌಕರರಿಗೆ ಬೇಕೆಂದು ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದ್ದರು. ಫ್ರಾನ್ಸಿನಲ್ಲಿ ಅಂಥ ಕಾಯಿದೆ 2017ರ ಜನವರಿಯಿಂದಲೇ ಜಾರಿಯಲ್ಲಿದೆ. ನಮ್ಮಲ್ಲಿ ಆ ಮಸೂದೆ ಕಾಯಿದೆಯಾಗಲಿಲ್ಲ. ಆದ್ದರಿಂದ ನಮ್ಮಲ್ಲಿ ಗುಡ್ಡವೇ ಕಾಯಿದೆ.

ಹೊರಡುವ ಹಿಂದಿನ ದಿನ ಮಿತ್ರರು ಒಂದು ಲಕೋಟೆ ತಂದುಕೊಟ್ಟರು. ಒಳಗೆ ಎರಡು ವರ್ಷದ ಅವರ ಮಗಳ ಇಪ್ಪತ್ತು ಫೋಟೊ, ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿದ್ದು. 'ಅಮ್ಮನ ಕೈಗೆ ಕೊಡಿ' ಎಂದರು. ಈ ಕಾಲದಲ್ಲಿ ಪ್ರಿಂಟೇ ಎಂದು ಮಗ ಕೇಳಿದ. ಮಿತ್ರರು ನಕ್ಕರು, ಉತ್ತರ ಹೇಳಲಿಲ್ಲ.

ಮೊದಲ ಎರಡು ದಿನ

ಕೊಂಕಣ ರೈಲಿನ 741 ಕಿಲೋಮೀಟರ್ ದಾರಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಸುರಂಗಗಳಿವೆ. ರತ್ನಾಗಿರಿಯ ಹತ್ತಿರದ ಕರ್ಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರ್. ಸುರಂಗ ಬಂದಾಗಲೆಲ್ಲ ಮಗನ ಆಟ ನಿಲ್ಲುತ್ತಿತ್ತು, ಹೊರಗೆ ಬಂದಾಗ ಶುರುವಾಗುತ್ತಿತ್ತು. ಇದೇ ನಮಗೆ ಅಭ್ಯಾಸದ ಪಾಠವೆಂದು ಮನೆಯವರು ತಮಾಷೆ ಮಾಡಿದರು. ಕುಮಟಾದಲ್ಲಿ ಇಳಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ರಿಕ್ಷಾ ಗುಡ್ಡ ಹತ್ತಿ ಇಳಿಯುವಾಗ ನಾಲ್ವರ ಮೊಬೈಲುಗಳಲ್ಲಿಯೂ ಕಡ್ಡಿಗಳು ಒಂದೊಂದಾಗಿ ಕಡಿಮೆಯಾಗಿ, ಕೊನೆಗೆ ಏನೂ ಉಳಿಯಲಿಲ್ಲ. ನಾಲ್ಕನ್ನೂ ಸ್ವಿಚ್ ಆಫ್ ಮಾಡಿ ಒಂದು ಸ್ಟೀಲ್ ಡಬ್ಬಿಗೆ ಹಾಕಿ ಕಪಾಟಿನಲ್ಲಿಟ್ಟೆವು.

ಮೊದಲ ದಿನ ಸಮುದ್ರ ನೋಡಿ ಎಲ್ಲರೂ ಮೈಮರೆತೆವು ಎಂದು ಬರೆದರೆ ಸುಳ್ಳಾದೀತು. ಮನೆಯವರ ಕೈ ಹತ್ತು ನಿಮಿಷಕ್ಕೊಮ್ಮೆ ಶರ್ಟಿನ ಜೇಬಿಗೆ ಹೋಗುತ್ತಿತ್ತು. ಮಗ ಊಟಕ್ಕೆ ಕುಳಿತು, ತಟ್ಟೆಯ ಪಕ್ಕ ಏನನ್ನು ಇಟ್ಟುಕೊಳ್ಳಬೇಕೆಂದು ತಿಳಿಯದವನಂತೆ ನೀರಿನ ಲೋಟವನ್ನು ಅತ್ತಿತ್ತ ಸರಿಸುತ್ತಿದ್ದ. ಹತ್ತನೆಯ ತರಗತಿಯ ಮಗಳು ಗೆಳತಿಯರು ತನ್ನನ್ನು ಮರೆತುಬಿಡುತ್ತಾರೆ ಎಂದು ಹೇಳಿ ಕಣ್ಣು ಒರೆಸಿಕೊಂಡಳು. ನಗಬಾರದು, ಅವಳಿಗೆ ಅದು ನಿಜವಾದ ಭಯ. ಇಂಥ ಚಡಪಡಿಕೆ ಮಿತಿ ಮೀರಿದವರಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿ 'ಶಟ್' ಎಂಬ ಚಿಕಿತ್ಸಾಲಯ ತೆರೆಯಿತು. ತಂತ್ರಜ್ಞಾನವನ್ನು ಆರೋಗ್ಯಕರವಾಗಿ ಬಳಸುವುದಕ್ಕೆ ನೆರವು ನೀಡುವ ದೇಶದ ಮೊದಲ ಕೇಂದ್ರ ಅದು. ನಮ್ಮ ಮಹಾರಾಷ್ಟ್ರದಲ್ಲಿಯೂ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯವರು 2022ರಲ್ಲಿ ಒಂದು ಕಟ್ಟುಪಾಡು ಮಾಡಿಕೊಂಡಿದ್ದರು. ಸಂಜೆ ಏಳಕ್ಕೆ ಗುಡಿಯ ಮೇಲಿನ ಸೈರನ್ ಕೂಗಿದರೆ ಒಂದೂವರೆ ಗಂಟೆ ಊರಿನ ಟಿವಿ, ಮೊಬೈಲ್ ಎಲ್ಲ ಬಂದ್. ಕೊರೊನಾ ಕಾಲದಲ್ಲಿ ಪಾಠಕ್ಕೆಂದು ಮಕ್ಕಳ ಕೈಗೆ ಹೋದ ಮೊಬೈಲು ಮತ್ತೆ ಹಿಂದಕ್ಕೆ ಬರಲಿಲ್ಲ ಎಂಬುದೇ ಅವರ ಚಿಂತೆಯಾಗಿತ್ತು. ಅದು ಎಲ್ಲ ಮನೆಯ ಚಿಂತೆ.

ಎರಡನೆಯ ದಿನಕ್ಕೆ ಗಡಿಯಾರ ಬದಲಾಯಿತು. ಆ ಊರಿನ ಗಡಿಯಾರ ಭರತ ಮತ್ತು ಇಳಿತ. ಇಂದು ಹತ್ತು ಗಂಟೆಯ ಸುಮಾರಿಗೆ ನೀರು ಇಳಿದರೆ ನಾಳೆ ಸುಮಾರು ಐವತ್ತು ನಿಮಿಷ ತಡ. ಮನೆಯ ಯಜಮಾನರು, ಮಿತ್ರರ ತಂದೆ, ಅದನ್ನು ತಿಥಿಯ ಮೇಲೆ ಲೆಕ್ಕ ಹಾಕಿ ಹೇಳುತ್ತಿದ್ದರು. 'ಅಷ್ಟಮಿ ಹತ್ರ ಬಂತು, ಈಗ ನೀರು ಬಹಳ ಏರೂದಿಲ್ಲ, ಬಹಳ ಇಳಿಯೂದೂ ಇಲ್ಲ. ಹುಣ್ಣಿಮೆಗೋ ಅಮಾಸೆಗೋ ಬಂದಿದ್ರೆ ನೋಡಬೇಕಿತ್ತು' ಎಂದರು. ಪಂಚಾಂಗವೆಂದರೆ ಶ್ರಾದ್ಧ ಮತ್ತು ಮುಹೂರ್ತಕ್ಕೆ ಮಾತ್ರ ಎಂದುಕೊಂಡಿದ್ದ ಮಕ್ಕಳು ಬಾಯಿ ತೆರೆದು ಕೇಳಿದರು. ಮಗ ಮರಳಿನಲ್ಲಿ ಕಡ್ಡಿ ನೆಟ್ಟು ಮೂರು ದಿನ ಅವರ ಲೆಕ್ಕವನ್ನು ಪರೀಕ್ಷಿಸಿದ. ಲೆಕ್ಕ ತಪ್ಪಲಿಲ್ಲ.

ನೀರು ಇಳಿದಾಗ ನದಿಯ ಮುಖದಲ್ಲಿ ಹೆಂಗಸರು ಬುಟ್ಟಿ ಹಿಡಿದು ಬಳಚು ಹೆಕ್ಕಲು ಇಳಿಯುತ್ತಾರೆ. ನಮ್ಮ ದಕ್ಷಿಣ ಕನ್ನಡದವರ ಮರುವಾಯಿ. ಮೊಣಕಾಲಿನವರೆಗೆ ಕೆಸರು, ಸೊಂಟ ಬಗ್ಗಿಸಿ ಎರಡು ಮೂರು ಗಂಟೆಯ ಕೆಲಸ. ಶಿರಸಿಯಲ್ಲಿ ಹುಟ್ಟಿ, ಒಂದೂ ಅಣೆಕಟ್ಟಿಲ್ಲದೆ ಸಮುದ್ರ ಸೇರುವ ಅಘನಾಶಿನಿಯ ಈ ಅಳಿವೆ 2024ರಲ್ಲಿ ರಾಮ್ಸರ್ ತಾಣವೆಂದು ಅಂತಾರಾಷ್ಟ್ರೀಯ ಮಾನ್ಯತೆ ಪಡೆಯಿತು. ಹೆಕ್ಕುವ ಹೆಂಗಸರಿಗೆ ಆ ಹೆಸರು ಗೊತ್ತೋ ಇಲ್ಲವೋ, ಯಾವ ಮರಳುದಿಬ್ಬದಲ್ಲಿ ಬಳಚು ಬೆಳೆದಿದೆ ಎಂಬುದು ಗೊತ್ತು. ಇದೇ ಅಳಿವೆಯ ಸುತ್ತ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆಯುವ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಗೊಬ್ಬರವಿಲ್ಲ, ಔಷಧಿಯಿಲ್ಲ, ಬೆಳೆ ಕೊಯ್ದ ಮೇಲೆ ಅದೇ ಗದ್ದೆಗೆ ಬಾಗಿಲು ತೆರೆದು ನೀರು ಬಿಟ್ಟರೆ ಮೀನು, ಸೀಗಡಿ. ಆ ಕೆಂಪಕ್ಕಿಯ ಗಂಜಿ ಕುಡಿದ ಮಗಳು ಮೂರನೆಯ ದಿನ ಎರಡನೆಯ ಸಲ ಬಡಿಸಿಕೊಂಡಳು. ಮನೆಯಲ್ಲಿ ಅವಳಿಗೆ ಗಂಜಿ ಎಂದರೆ ಜ್ವರದ ಊಟ. ದೋಣಿಯಲ್ಲಿ ತದಡಿಗೆ ದಾಟಿ ಸಾಣಿಕಟ್ಟೆಯ ಉಪ್ಪಿನಾಗರವನ್ನೂ ನೋಡಿ ಬಂದೆವು, ಆದರೆ ಬಿಸಿಲು ಜೋರಾಗಿ ಬೇಗ ಹಿಂತಿರುಗಿದೆವು.

ನಿಜವಾಗಿ ಮಕ್ಕಳನ್ನು ಹಿಡಿದದ್ದು ಕೈರಂಪಣಿ. ಹಿಂದೆ ಇಡೀ ಊರೇ ಸೇರಿ ಎಳೆಯುತ್ತಿದ್ದ ದೊಡ್ಡ ರಂಪಣಿ ಬಲೆಗಳು, 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಹಿಂದೆ ಸರಿದವು. ಸಣ್ಣ ಬಲೆಗಳು ಉಳಿದಿವೆ. ಬೆಳಿಗ್ಗೆ ದೋಣಿಯವರು ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು ಬರುತ್ತಾರೆ. ಎರಡು ತುದಿಯ ಹಗ್ಗ ಹಿಡಿದು ದಡದಲ್ಲಿ ನಿಂತವರು ಎಳೆಯಬೇಕು. ನಮ್ಮ ಮಗನನ್ನೂ ಹಗ್ಗಕ್ಕೆ ನಿಲ್ಲಿಸಿದರು. ಮುಕ್ಕಾಲು ಗಂಟೆ ಎಳೆದ. ಕೈ ಕೆಂಪಗಾಯಿತು. ಬಲೆಯಲ್ಲಿ ತಾರ್ಲೆ, ನಾಲ್ಕು ಬಂಗಡೆ, ಬಹಳಷ್ಟು ಲೋಳೆಮೀನು. ಎಳೆದವರಿಗೆಲ್ಲ ಪಾಲು ಎಂದು ಅವನ ಪಾಲಿಗೂ ಒಂದು ಬೊಗಸೆ ತಾರ್ಲೆ ಹಾಕಿದರು. ಅವನು ಅದನ್ನು ಮನೆಗೆ ತಂದ ರೀತಿ ನೋಡಬೇಕಿತ್ತು. ಅದರ ಫೋಟೊ ಯಾರ ಹತ್ತಿರವೂ ಇಲ್ಲ.

ಸಂಜೆಗಳು ಉದ್ದ. ಆರೂಕಾಲಕ್ಕೆ ಸೂರ್ಯ ಮುಳುಗಿದರೆ ಊಟದವರೆಗೆ ಮಾಡುವುದೇನು? ಚೆನ್ನೆಮಣೆ. ಲೆಕ್ಕದಲ್ಲಿ ಹುಷಾರಾದ ಮನೆಯವರು ಮನೆಯ ಅಜ್ಜಿಯೆದುರು ಸತತ ಆರು ಆಟ ಸೋತರು. ಚಂದ್ರ ಮುಳುಗಿದ ಮೇಲೆ ಅಂಗಳದಲ್ಲಿ ಚಾಪೆ ಹಾಸಿ ಮಲಗಿದರೆ, ಡೊಂಬಿವಲಿಯಲ್ಲಿ ಎಂದೂ ಕಾಣದಷ್ಟು ನಕ್ಷತ್ರ. ಕೃತ್ತಿಕೆಯಲ್ಲಿ ಎಷ್ಟು ನಕ್ಷತ್ರ ಕಾಣುತ್ತದೆ ಎಂದು ಮಕ್ಕಳು ಜಗಳವಾಡಿದರು. ಇಲ್ಲಿ ಆಗಿದ್ದರೆ ಆ ಜಗಳ ಒಂದು ನಿಮಿಷಕ್ಕೆ ಮುಗಿಯುತ್ತಿತ್ತು. ಅಲ್ಲಿ ತೀರ್ಪು ಹೇಳುವವರಿಲ್ಲದೆ ಮೂರು ರಾತ್ರಿ ನಡೆಯಿತು.

ಸೈಕಲ್ ಮೇಲೆ ಬಂದ ಸುದ್ದಿ

ಮೂರನೆಯ ದಿನ ಮಧ್ಯಾಹ್ನ ಊಟವಾಗಿ ಎಲ್ಲರೂ ಮಲಗಿದ್ದಾಗ ಅಂಗಡಿಯ ಹುಡುಗ ಸೈಕಲಿನಲ್ಲಿ ಬಂದ. 'ಬೊಂಬಾಯಿಯಿಂದ ಫೋನ್ ಬಂದಿತ್ತು, ಮನೆಗೆ ಮಾತಾಡ್ಬೇಕಂತೆ' ಎಂದಷ್ಟೇ ಹೇಳಿದ. ಯಾರು ಮಾತನಾಡಿದ್ದು, ಯಾಕೆ, ಏನೂ ಅವನಿಗೆ ಗೊತ್ತಿಲ್ಲ.

ಅರ್ಧ ಗಂಟೆಯ ದಾರಿ ನಾನೂ ಮನೆಯವರೂ ಹೇಗೆ ನಡೆದೆವೋ. ಇಬ್ಬರೂ ಮಾತನಾಡಲಿಲ್ಲ. ಮರುದಿನದ ಯಾವ ರೈಲಿನಲ್ಲಿ ಸೀಟು ಸಿಕ್ಕೀತು, ಮಂಗಳೂರಿನಿಂದ ವಿಮಾನ ಹಿಡಿಯಬಹುದೇ ಎಂದೆಲ್ಲ ನನ್ನ ತಲೆಯಲ್ಲಿ ಓಡುತ್ತಿತ್ತು. ದಾರಿಯಲ್ಲಿ ನೆನಪಾದದ್ದು ಮಾವನವರೇ ಹೇಳುತ್ತಿದ್ದ ಕತೆ. ಹದಿನಾಲ್ಕನೆಯ ವಯಸ್ಸಿಗೆ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದು ಅಲ್ಲಿಂದ ರೈಲು ಹತ್ತಿ ಮುಂಬಯಿ ಸೇರಿದವರು ಅವರು. ಹಗಲು ಫೋರ್ಟಿನ ಕ್ಯಾಂಟೀನಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ಊರಿಗೆ ತಿಂಗಳಿಗೊಂದು ಇನ್‌ಲ್ಯಾಂಡ್ ಪತ್ರ, ಒಂದು ಮನಿಆರ್ಡರ್. ಅವರ ತಾಯಿ ತೀರಿಕೊಂಡ ಟೆಲಿಗ್ರಾಂ ಕೈಗೆ ಬಂದಾಗ ಎರಡು ದಿನವಾಗಿತ್ತು. ಹೊರಟರೂ ತಲುಪುವುದರೊಳಗೆ ಎಲ್ಲ ಮುಗಿದಿರುತ್ತದೆ ಎಂದು ಕ್ಯಾಂಟೀನಿನ ಹಿರಿಯರು ಸಮಾಧಾನ ಹೇಳಿ, ರಾತ್ರಿ ಪಾಳಿಯಿಂದ ಬಿಡುವು ಕೊಟ್ಟರಂತೆ. ಆ ಕಾಲದ ಮುಂಬಯಿ ಕನ್ನಡಿಗರಿಗೆ ಟೆಲಿಗ್ರಾಂ ಎಂದರೆ ಸಾವು ಎಂದೇ ಅರ್ಥ, ಒಡೆಯುವ ಮೊದಲೇ ಅಳು ಬರುತ್ತಿತ್ತು. 2013ರ ಜುಲೈನಲ್ಲಿ ಟೆಲಿಗ್ರಾಂ ಸೇವೆ ನಿಂತ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಮಾವನವರು 'ಒಳ್ಳೆಯದಾಯಿತು' ಎಂದಿದ್ದು ಬಿಟ್ಟರೆ ಬೇರೇನೂ ಹೇಳಿರಲಿಲ್ಲ.

ಅಂಗಡಿಯಿಂದ ಕಲ್ಯಾಣಕ್ಕೆ ನಂಬರ್ ಹಚ್ಚಿದರೆ ಮಾವನವರೇ ಎತ್ತಿದರು. ದನಿ ಗಟ್ಟಿಯಾಗಿತ್ತು. ಏನಾಯಿತು ಎಂದರೆ, 'ಏನೂ ಇಲ್ಲ. ಕರೆದರೆ ನಿಮಗೆ ಮುಟ್ಟುತ್ತದೋ ಇಲ್ಲವೋ ನೋಡಿದೆ. ಎಷ್ಟು ಹೊತ್ತಾಯಿತು, ಮುಕ್ಕಾಲು ಗಂಟೆಯಲ್ಲವೇ? ಅಡ್ಡಿಯಿಲ್ಲ' ಎಂದರು. ಮನೆಯವರಿಗೆ ಸಿಟ್ಟು ಬಂದು ಏನೋ ಹೇಳಲು ಹೊರಟವರು ಸುಮ್ಮನಾದರು. ಅಂಗಡಿಯಲ್ಲಿ ಸೋಡಾ ಕುಡಿದು ವಾಪಸಾದೆವು. ಅದಾದ ಮೇಲೆ ಅವರ ಕೈ ಜೇಬಿಗೆ ಹೋಗುವುದು ನಿಂತಿತು ಎಂಬುದನ್ನು ಗಮನಿಸಿದೆ. ಆಫೀಸಲ್ಲ, ಮನದ ತಳದಲ್ಲಿ ಇದ್ದದ್ದು ಈ ಭಯವೇ ಇರಬೇಕು.

ನಮ್ಮಂತೆ ರೇಂಜ್ ಇಲ್ಲದ ಕಡೆ ಹೋಗಬೇಕೆನ್ನುವವರಿಗೆ ಇದನ್ನು ಒತ್ತಿ ಹೇಳಬೇಕು. ಮನೆಯಲ್ಲಿ ಹಿರಿಯರಿದ್ದರೆ, ಸುದ್ದಿ ಮುಟ್ಟಿಸುವ ಒಂದು ದಾರಿ ಗಟ್ಟಿಮಾಡಿಕೊಳ್ಳದೆ ಹೊರಡಬೇಡಿ. ಸಮುದ್ರದ ವಿಷಯದಲ್ಲಿಯೂ ಅಷ್ಟೇ. ಅವಘಡವಾದರೆ 112ಕ್ಕೆ ಯಾವುದಾದರೊಂದು ಕಂಪೆನಿಯ ಸಿಗ್ನಲ್ ಇದ್ದರೂ ಕರೆ ಹೋಗುತ್ತದೆ, ಆದರೆ ಯಾವುದೂ ಇಲ್ಲದ ಕಡೆ ಹೋಗುವುದಿಲ್ಲ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಮುಳಬಾಗಿಲಿನ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅದು ಸದಾ ಜನರಿರುವ ತೀರ. ನಿರ್ಜನ ತೀರದಲ್ಲಿ ಊರಿನ ಮೀನುಗಾರರು ಇಳಿಯಬಹುದು ಎಂದ ಜಾಗದಲ್ಲಿ, ಮೊಣಕಾಲಿನ ನೀರಿನವರೆಗೆ ಮಾತ್ರ ಎಂಬ ನಿಯಮ ನಾವು ಮಾಡಿಕೊಂಡಿದ್ದೆವು. ಮಕ್ಕಳು ಗೊಣಗಿದರು, ಗೊಣಗಲಿ.

ಗುಡ್ಡದ ಮೇಲಿನ ರವಿವಾರ

ಫೋಟೊಗಳನ್ನು ನಾವು ಮೊದಲ ದಿನವೇ ಅಜ್ಜಿಯ ಕೈಗೆ ಕೊಟ್ಟಿದ್ದೆವು. ಅವರು ಒಂದೊಂದನ್ನೂ ಬೆಳಕಿಗೆ ಹಿಡಿದು, 'ಇದು ಯಾವ ತಿಂಗಳದ್ದು? ಇದರಲ್ಲಿ ಹಲ್ಲು ಬಂದಿದೆಯಲ್ಲ' ಎಂದು ನಮ್ಮನ್ನು ಕೇಳಿದರು. ನಮಗೇನು ಗೊತ್ತು. ಮರುದಿನ ನೋಡಿದರೆ ಅಡುಗೆಮನೆಯ ಗೋಡೆಗೆ ಇಪ್ಪತ್ತೂ ಅಂಟಿದ್ದವು, ಚಿಕ್ಕ ಮಗುವಿನಿಂದ ದೊಡ್ಡದಾಗುವವರೆಗೆ ಅವರೇ ಊಹಿಸಿ ಜೋಡಿಸಿದ್ದರು.

ನಾಲ್ಕನೆಯ ದಿನ ರವಿವಾರ. ರವಿವಾರ ಸಂಜೆ ಐದಕ್ಕೆ ಮಗ ಫೋನ್ ಮಾಡುವುದು ವಾಡಿಕೆ. ಅದಕ್ಕಾಗಿ ಅಜ್ಜಿ ಗುಡ್ಡ ಹತ್ತಬೇಕು. ಮೇಲೆ ಒಂದು ಬಂಡೆಯ ಹತ್ತಿರ ಮಾತ್ರ ಆಚೆಯ ಟವರಿನ ರೇಂಜ್ ಸಿಗುತ್ತದೆ. ಮೊದಲೆಲ್ಲ ಪ್ರತಿ ವಾರ ಹೋಗುತ್ತಿದ್ದರು. ಈಗ ಮೊಣಕಾಲು ನೋವು, ಎರಡು ವಾರಕ್ಕೊಮ್ಮೆ. ಮಳೆಗಾಲದಲ್ಲಿ ದಾರಿ ಜಾರುವುದರಿಂದ ಅದೂ ಇಲ್ಲ. ಯಜಮಾನರಿಗೆ ಉಸಿರಾಟದ ತೊಂದರೆ, ಅವರು ಹತ್ತುವುದೇ ಇಲ್ಲ. ಮಗನ ದನಿ ಕೇಳಿ ಒಂದು ವರ್ಷದ ಮೇಲಾಯಿತಂತೆ. ಥಾಣೆಗೆ ಹೋಗಿ ಇರಬಾರದೇ ಎಂದು ಕೇಳುವುದು ಸುಲಭ. ಹಸು, ತೆಂಗು, ಗಜನಿ ಗದ್ದೆ, ಜೊತೆಗೆ ಥಾಣೆಯ ಒಂದು ಕೋಣೆ ಅಡುಗೆಮನೆಯ ಬಿಡಾರ. ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂದು ನಾವೂ ಅಜ್ಜಿಯ ಜೊತೆ ಹತ್ತಿದೆವು. ಅವರದು ಗುಂಡಿ ಒತ್ತುವ ಹಳೆಯ ಮೊಬೈಲು, ಮಾತು ಮಾತ್ರ. ಮೊಮ್ಮಗಳ ಮುಖ ನೋಡಲಿ ಎಂದು ಮಗಳು ಡಬ್ಬಿಯಿಂದ ತನ್ನ ಮೊಬೈಲು ತೆಗೆದುಕೊಂಡಿದ್ದಳು. ಬಂಡೆಯ ಮೇಲೆ ನಿಂತು ಅದನ್ನು ಆನ್ ಮಾಡಿದ್ದೇ ತಡ, ನಾಲ್ಕು ದಿನದ ಸಂದೇಶಗಳು ಒಂದರ ಮೇಲೊಂದು ಬೀಳತೊಡಗಿದವು. ಟಿಣ್ ಟಿಣ್ ಶಬ್ದ ನಿಲ್ಲಲಿಲ್ಲ. ಗೆಳತಿಯರು ಮರೆತಿರಲಿಲ್ಲ. ವೀಡಿಯೊ ಕರೆ ಮಾತ್ರ ಹತ್ತಲೊಲ್ಲದು. ಅಜ್ಜಿ ಪರದೆಯನ್ನೇ ನೋಡುತ್ತ ನಿಂತಿದ್ದರು, ಪ್ರತಿ ಟಿಣ್ ಶಬ್ದಕ್ಕೂ 'ಬಂತಾ?' ಎಂದು ಕೇಳುತ್ತಿದ್ದರು. ಮಗಳು ಒಂದೂ ಸಂದೇಶ ತೆರೆಯಲಿಲ್ಲ. ಎಲ್ಲ ಗ್ರೂಪುಗಳನ್ನು ಮುಚ್ಚಿ, ಮತ್ತೆ ಮತ್ತೆ ಅದೇ ನಂಬರಿಗೆ ಹಚ್ಚಿದಳು. ಆರೋ ಏಳೋ ಸಲವಾದ ಮೇಲೆ ಥಾಣೆಯ ಮನೆಯ ಪರದೆ ಕಾಣಿಸಿತು. ಚಿತ್ರ ತುಂಡು ತುಂಡಾಗಿ ಬರುತ್ತಿತ್ತು. ಮಗು ಅರ್ಧ ಮುಖ ತೋರಿಸಿ ಓಡಿಹೋಯಿತು. ಒಟ್ಟು ಎರಡು ನಿಮಿಷ ಇದ್ದೀತು. ಅಜ್ಜಿ ಇಳಿಯುವಾಗ ದಾರಿಯುದ್ದಕ್ಕೂ ಆ ಎರಡು ನಿಮಿಷವನ್ನೇ ವಿವರಿಸಿ ಹೇಳಿದರು, ನಾವು ಪಕ್ಕದಲ್ಲಿ ನಿಂತು ನೋಡಿಯೇ ಇಲ್ಲವೇನೋ ಎಂಬಂತೆ.

ನಮಗೆ ಐದು ದಿನದ ಸುಖ ಕೊಟ್ಟ ಅದೇ ಗುಡ್ಡ ಅವರಿಗೆ ವರ್ಷದ ಮುನ್ನೂರ ಅರವತ್ತೈದು ದಿನದ ಅಡ್ಡಗೋಡೆ. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನಲ್ಲಿ ಆನ್‌ಲೈನ್ ಪಾಠ ಕೇಳಲು ರಸ್ತೆಬದಿಯಲ್ಲಿ ಕುಳಿತ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು, ಹಲವರಿಗೆ ನೆನಪಿರಬಹುದು. ಮೀನುಗಾರರ ಪಾಲಿಗೆ ಮೊಬೈಲು ಏನು ಎಂಬುದಕ್ಕೆ ನಮ್ಮ ನೆರೆಯಲ್ಲೇ ಲೆಕ್ಕವಿದೆ. ಕಾಸರಗೋಡು, ಕಣ್ಣೂರು, ಕೋಝಿಕ್ಕೋಡ್ ತೀರದಲ್ಲಿ 1997ರಿಂದ 2001ರವರೆಗೆ ಮೊಬೈಲು ಬರುವ ಮೊದಲು ಮತ್ತು ನಂತರ ಬೂತಾಯಿ ಮೀನಿನ ಧಾರಣೆಯನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ್ದರು. 1997ರ ಜನವರಿಯ ಒಂದು ಬೆಳಿಗ್ಗೆ ವಡಗರದಲ್ಲಿ 11 ದೋಣಿಯವರಿಗೆ ಗಿರಾಕಿಯಿಲ್ಲದೆ ಮೀನು ಚೆಲ್ಲುವ ಸ್ಥಿತಿ, ಅದೇ ಹೊತ್ತಿಗೆ ಹದಿನೈದು ಕಿಲೋಮೀಟರಿನೊಳಗೆ 27 ಮಂದಿ ಮೀನಿಲ್ಲದೆ ನಿಂತಿದ್ದರು. ಮೊಬೈಲು ಬಂದ ಮೇಲೆ ಎಲ್ಲಿ ಧಾರಣೆ ಇದೆ ಎಂದು ಕಡಲಿನಿಂದಲೇ ಕೇಳತೊಡಗಿದರು. ಚೆಲ್ಲುವುದು ನಿಂತಿತು, ಮೀನುಗಾರರ ಲಾಭ ಶೇ. 8 ಏರಿತು, ಕೊಳ್ಳುವವರಿಗೆ ಬೆಲೆ ಶೇ. 4 ಇಳಿಯಿತು. ನಮ್ಮ ಮಗ ಹಗ್ಗ ಎಳೆದ ದಿನ ಆ ದೋಣಿಯವರ ತಾರ್ಲೆಗೆ ದಡಕ್ಕೆ ಬಂದ ಒಬ್ಬನೇ ವ್ಯಾಪಾರಿ ಹೇಳಿದ್ದೇ ಬೆಲೆಯಾಗಿತ್ತು. ಚೌಕಾಸಿ ಮಾಡಲು ಇನ್ನೊಬ್ಬನಿಗೆ ಫೋನ್ ಹಚ್ಚಬೇಕಾದರೆ ಗುಡ್ಡ ಹತ್ತಬೇಕು.

ಇಂಥ ಜಾಗಗಳು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿವೆ. ಕಡಲೊಳಗಿನ ಕೇಬಲ್ 2020ರಲ್ಲಿ ಚೆನ್ನೈಯಿಂದ ಅಂಡಮಾನಿಗೆ ಮುಟ್ಟಿತು, 2024ರ ಆರಂಭದಲ್ಲಿ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ. ನೆಟ್‌ವರ್ಕ್ ಕಾಣದ 24,680 ಹಳ್ಳಿಗಳಿಗೆ 4ಜಿ ಒದಗಿಸುವ ಯೋಜನೆಗೆ ಕೇಂದ್ರ ಸಂಪುಟ 2022ರ ಜುಲೈನಲ್ಲಿ ಒಪ್ಪಿಗೆ ನೀಡಿತ್ತು. ಆ ಗುಡ್ಡದ ಮೇಲೆಯೂ ಟವರಿಗೆ ಜಾಗ ನೋಡಿ ಹೋಗಿದ್ದಾರೆ, ಬಂಡೆಯ ಪಕ್ಕದ ಕಲ್ಲಿಗೆ ಬಣ್ಣ ಹಚ್ಚಿದ ಗುರುತು ನಾವೂ ಕಂಡೆವು. ಕೆಲಸ ಯಾವಾಗ ಎಂಬುದು ಅಲ್ಲಿ ಯಾರಿಗೂ ತಿಳಿಯದು. ತಮ್ಮ ಹಿತ್ತಿಲಿನ ಜಾಗ ಬೇಕಾದರೆ ಕೊಡಲು ಸಿದ್ಧ ಎಂದು ಯಜಮಾನರು ಪಂಚಾಯತಿಗೆ ಬರೆದುಕೊಟ್ಟಿದ್ದಾರಂತೆ. ಟವರ್ ಬಂದರೆ ನಿಮ್ಮಂಥವರು ಬರುವುದನ್ನು ನಿಲ್ಲಿಸುತ್ತೀರೋ ಎಂದು ಅವರು ನಮ್ಮನ್ನು ಕೇಳಿದರು. ಡಬ್ಬಿ ನಮ್ಮದೇ ಇದೆಯಲ್ಲ, ಮುಚ್ಚಳ ಹಾಕಿದರಾಯಿತು ಎಂದು ಮಗಳು ಹೇಳಿದಳು. ಅವಳಿಗೆ ಅಷ್ಟು ಸುಲಭವಾದೀತೆಂದು ನನಗೆ ನಂಬಿಕೆಯಿಲ್ಲ. ಗುಡ್ಡ ಅಡ್ಡ ಇದ್ದಾಗ ಬಿಡುವುದು ಬೇರೆ, ಕೈಗೆ ಸಿಗುವಾಗ ಬಿಡುವುದು ಬೇರೆ.

ಹೊರಡುವ ದಿನ ಅಜ್ಜಿ ಐದು ಕಿಲೋ ಕಗ್ಗದ ಅಕ್ಕಿ, ಒಣ ಸೀಗಡಿ, ಒಂದು ಬಾಟಲಿ ಅಪ್ಪೆಮಿಡಿ ಕಟ್ಟಿಕೊಟ್ಟರು, ಅರ್ಧ ನಮಗೆ ಅರ್ಧ ಮಗನಿಗೆ. ಯಜಮಾನರು ಕೊನೆಗೆ ನಮ್ಮ ಮಗಳನ್ನು ಕರೆದು, ಫೋನಿನಲ್ಲಿ ಮಾತು ಹಿಡಿದಿಡಲು ಬರುತ್ತದೆಯೇ ಎಂದು ಕೇಳಿದರು. ಅವಳು ಅಂಗಳದಲ್ಲಿ ಕುಳ್ಳಿರಿಸಿ ನಾಲ್ಕು ನಿಮಿಷದ ವೀಡಿಯೊ ಮಾಡಿದಳು. ಐದು ದಿನದಲ್ಲಿ ನಾವು ತೆಗೆದ ಒಂದೇ ಚಿತ್ರ ಅದು. ಹಸು ಕರು ಹಾಕಿದ್ದು, ಬಾವಿಯ ನೀರು, ಮಾಡಿನ ಹಂಚು, ಮೊಮ್ಮಗಳಿಗೆ ಎರಡು ಮಾತು.

ರೈಲು ಗುಡ್ಡ ದಾಟಿದ ಮೇಲೆ ಮನೆಯವರ ಮೊಬೈಲಿನಲ್ಲಿ ಮುನ್ನೂರಕ್ಕೂ ಹೆಚ್ಚು ಸಂದೇಶಗಳಿದ್ದವು. ಗೋವಾ ಬರುವುದರೊಳಗೆ ಎಲ್ಲ ನೋಡಿ ಮುಗಿಸಿದರು. ಉತ್ತರ ಬರೆಯಬೇಕಾದವು ಮೂರು. ಥಾಣೆ ಸ್ಟೇಷನ್ನಿನಲ್ಲಿ ಮಿತ್ರರು ಅಕ್ಕಿಯ ಚೀಲ ಒಯ್ಯಲು ಬಂದಿದ್ದರು. ರೈಲು ಅಲ್ಲಿ ನಿಲ್ಲುವುದು ಸ್ವಲ್ಪವೇ ಹೊತ್ತು. ವೀಡಿಯೊ ಆಗಲೇ ಅವರ ಮೊಬೈಲಿಗೆ ಹೋಗಿತ್ತು. ಚೀಲ ಪಕ್ಕಕ್ಕಿಟ್ಟು, ನೂಕುನುಗ್ಗಲಿನ ನಡುವೆ ಮೊಬೈಲನ್ನು ಕಿವಿಗೆ ಒತ್ತಿ ಹಿಡಿದು ಅವರು ತಂದೆಯ ಮಾತು ಕೇಳುತ್ತಿದ್ದುದು ನಮ್ಮ ಡಬ್ಬಿ ಮುಂದೆ ಸರಿಯುವವರೆಗೂ ಕಾಣುತ್ತಿತ್ತು.

ಈ ವರ್ಷವೂ ಹೋಗುವುದೆಂದು ನಿರ್ಧಾರವಾಗಿದೆ. ಮಾವನವರೂ ಬರುತ್ತಾರಂತೆ. ಮುಂಗಡ ಟಿಕೆಟ್ 2024ರ ನವೆಂಬರಿನಿಂದ 120 ದಿನದ ಬದಲು 60 ದಿನ ಮೊದಲು ಮಾತ್ರ ಸಿಗುವುದರಿಂದ ಅಕ್ಟೋಬರದ ಕೊನೆಯ ವಾರದಲ್ಲಿ ಬೆಳಿಗ್ಗೆ ಎಂಟಕ್ಕೆ ಮೊಬೈಲ್ ಹಿಡಿದು ಕೂರಬೇಕು. ಐದು ಸೀಟು, ಅದರಲ್ಲಿ ಒಂದು ಕೆಳಗಿನ ಬರ್ತ್.